ಯಾವ ತರಗತಿಗೆ ಯಾವ ಇಂಗ್ಲಿಷ್ ಶಬ್ದ?

ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಬಂದ ಟಪಾಲಿನಲ್ಲಿ ಒಂದು ಪತ್ರವು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬರೆದವರು ಮುಂಬಯಿಯ ಉಪನಗರದ ಒಂದು ಹೋಟೆಲಿನಲ್ಲಿ ಹಲವು ವರ್ಷಗಳಿಂದ ದುಡಿಯುತ್ತಿರುವ ಸಜ್ಜನರು. ತಮ್ಮ ಹೆಸರನ್ನು ಅಚ್ಚು ಮಾಡಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶವಿಷ್ಟು: "ಸಂಪಾದಕ ಮಹಾಶಯರೇ, ನನ್ನ ಮೂವರು ಮಕ್ಕಳು ಎರಡನೆಯ, ಆರನೆಯ ಹಾಗೂ ಒಂಬತ್ತನೆಯ ತರಗತಿಗಳಲ್ಲಿ ಓದುತ್ತಿದ್ದಾರೆ. ಪ್ರತಿಯೊಂದು ತರಗತಿಗೆ ಅವಶ್ಯವಾದ ಇಂಗ್ಲಿಷ್ ಶಬ್ದಗಳನ್ನು ಅರ್ಥಸಹಿತವಾಗಿ ತಾವು ಒಂದು ಯಾದಿ ಮಾಡಿ ಪ್ರಕಟಿಸಿದರೆ, ಕತ್ತರಿಸಿ ಖೋಲಿಯ ಗೋಡೆಗೆ ಅಂಟಿಸುವೆನು. ನಾನು ಓದಿದ್ದು ಏಳನೆಯವರೆಗೆ ಮಾತ್ರ. ಮಕ್ಕಳು ಅರ್ಥ ಕೇಳಿದಾಗ ಸುಮ್ಮನಿರಬೇಕಾಗುತ್ತದೆ."

ಈ ಕೊನೆಯ ವಾಕ್ಯವನ್ನು ಓದಿದ ಮೇಲೆ ಉತ್ತರ ಬರೆಯದೆ ಇರುವುದು ನನ್ನಿಂದಾಗಲಿಲ್ಲ. ಆದರೆ ಯಾದಿಯನ್ನು ಅಚ್ಚು ಹಾಕುವುದಕ್ಕೆ ಮೊದಲು ಇಂಥ ಯಾದಿಗಳ ವಿಷಯವಾಗಿಯೇ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಅಗತ್ಯವೆಂದು ತೋರಿತು. ನಾನು ಪಂಡಿತನಲ್ಲ. ಉಡುಪಿಯ ಕಡೆಯ ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, 1995ರಲ್ಲಿ ಈ ನಗರಕ್ಕೆ ಬಂದು, ಮೋರಿಯ ಬಳಿ ಬಸಿ ತೊಳೆಯುವುದರಿಂದ ಆರಂಭಿಸಿ ಗಲ್ಲಾದವರೆಗೆ ನಡೆದು ಬಂದವನು. ಇಂಗ್ಲಿಷ್ ಶಬ್ದಗಳಿಂದ ನನಗೆ ಆದ ಲಾಭವೂ ಉಂಟು, ಆದ ನಷ್ಟವೂ ಉಂಟು. ನಷ್ಟದ ಕಥೆಯನ್ನು ಮುಂದೆ ಹೇಳುವೆನು.

ಮಕ್ಕಳಿಗೆ ಎಷ್ಟು ಶಬ್ದ, ಯಾವ ಶಬ್ದ ಎಂಬ ಪ್ರಶ್ನೆ ನಮ್ಮ ಈ ವಾಚಕ ಮಿತ್ರರಿಗೆ ಮಾತ್ರ ಹುಟ್ಟಿದ್ದಲ್ಲ. ದೊಡ್ಡ ದೊಡ್ಡ ವಿದ್ವಾಂಸರು ಇದಕ್ಕಾಗಿ ಜೀವಮಾನವನ್ನೇ ಸವೆಸಿದ್ದಾರೆ. ಅಮೇರಿಕೆಯ ಥಾರ್ನ್‌ಡೈಕ್ ಎಂಬವರು ರಾಶಿ ರಾಶಿ ಪುಸ್ತಕಗಳಲ್ಲಿ ಬರುವ ಶಬ್ದಗಳನ್ನು ಎಣಿಸಿ, ಹೆಚ್ಚು ಬಳಕೆಯ 10,000 ಶಬ್ದಗಳ ಪುಸ್ತಕವನ್ನು 1921ರಲ್ಲಿ ಅಧ್ಯಾಪಕರಿಗಾಗಿ ಹೊರತಂದರು. ಇಂಗ್ಲೆಂಡಿನ ಆಗ್ಡೆನ್ ಎಂಬವರು ಇದರ ವಿರುದ್ಧ ದಿಕ್ಕಿಗೆ ಹೋದರು. ಮನುಷ್ಯನಿಗೆ 850 ಶಬ್ದಗಳು ಸಾಕು, ಅವುಗಳಲ್ಲಿ ಕ್ರಿಯಾಪದಗಳು ಹದಿನೆಂಟೇ ಸಾಕು, ಎಂದು 1930ರಲ್ಲಿ ಸಾರಿದರು. ಕೇಳುವುದಕ್ಕೆ ಬಹಳ ಅಗ್ಗದ ವ್ಯಾಪಾರ! ಆದರೆ ಸೂಕ್ಷ್ಮವಾಗಿ ನೋಡಿದರೆ ಇದರಲ್ಲಿ ಒಂದು ಮೋಸವಿದೆ. 'ಪುಟ್', 'ಅಪ್', 'ವಿತ್' ಎಂಬ ಮೂರೂ ಶಬ್ದಗಳು ಆಗ್ಡೆನ್‌ರ ಯಾದಿಯಲ್ಲಿವೆ, ಮೂರನ್ನೂ ನಮ್ಮ ಮಾಣಿಗಳು ಬಲ್ಲರು. ಮೂರನ್ನೂ ಒಂದರ ಹಿಂದೊಂದು ನಿಲ್ಲಿಸಿ 'ಪುಟ್ ಅಪ್ ವಿತ್' ಎಂದೊಡನೆ 'ಸಹಿಸಿಕೊಳ್ಳು' ಎಂಬ ಅರ್ಥ ಬರುತ್ತದೆ. ಇಡುವುದು, ಮೇಲೆ, ಜೊತೆಗೆ—ಈ ಮೂರರಿಂದ ಸಹನೆ ಹುಟ್ಟುವುದನ್ನು ಯಾರು ತಾನೇ ಊಹಿಸಬಲ್ಲರು? ಯಾದಿ ಚಿಕ್ಕದಾದಷ್ಟೂ ಶಬ್ದಗಳ ಹೊರೆ ಹೆಚ್ಚುತ್ತದೆ.

ನಮ್ಮ ದೇಶಕ್ಕೆ ಹತ್ತಿರವಾದವರು ಮೈಕೆಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣಾಧಿಕಾರಿ. ಅವರು ಅವಿಭಕ್ತ ಬಂಗಾಳದ ಢಾಕಾದಲ್ಲಿ ಅಧ್ಯಾಪಕರನ್ನು ತರಬೇತು ಮಾಡುತ್ತಿದ್ದರು. ಬಂಗಾಳಿ ಹುಡುಗರು ಓದುತ್ತಿದ್ದ ಇಂಗ್ಲಿಷ್ ವಾಚನ ಪುಸ್ತಕಗಳಲ್ಲಿ ಎಲ್ಲಿಯೂ ಬಳಕೆಯಿಲ್ಲದ ಹಳೆಯ ಕಾವ್ಯದ ಶಬ್ದಗಳು ತುಂಬಿದ್ದುದನ್ನು ಅವರು ಕಂಡರು. 'ಐಲ್' ಎಂದಿದ್ದಲ್ಲಿ 'ಐಲೆಂಡ್' ಎಂದೂ, 'ಏರ್' ಎಂದಿದ್ದಲ್ಲಿ 'ಬಿಫೋರ್' ಎಂದೂ ತಿದ್ದಿ, ಒಂದೇ ಪುಟದಲ್ಲಿ ಹೊಸ ಶಬ್ದಗಳು ಮುತ್ತಿಗೆ ಹಾಕದಂತೆ ದೂರ ದೂರ ಹಂಚಿ, ಪಾಠಗಳನ್ನು ಬರೆದರು. ಬಂಗಾಳದ ಅನುಭವವನ್ನು ಕುರಿತ ಅವರ ಗ್ರಂಥ 1926ರಲ್ಲಿ ಪ್ರಕಟವಾಯಿತು. ಕೊನೆಗೆ 1953ರಲ್ಲಿ ಸುಮಾರು 2,000 ಶಬ್ದಗಳ ಪ್ರಸಿದ್ಧ ಯಾದಿಯನ್ನು ಅವರು ಹೊರತಂದರು. ಆ ಯಾದಿಯ ವಿಶೇಷವೇನೆಂದರೆ, ಶಬ್ದ ಎಷ್ಟು ಸಲ ಬರುತ್ತದೆ ಎಂಬುದಲ್ಲದೆ, ಅದರ ಒಂದೊಂದು ಅರ್ಥವೂ ನೂರಕ್ಕೆ ಎಷ್ಟು ಪಾಲು ಬರುತ್ತದೆ ಎಂಬುದನ್ನೂ ಲೆಕ್ಕ ಹಾಕಿ ಕೊಟ್ಟದ್ದು. ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ತಿಳಿದವನು ಅರ್ಧ ಮೋಸ ಹೋದಂತೆಯೇ ಸರಿ.

ಇದಕ್ಕೆ ಉದಾಹರಣೆ ಬೇಕೆಂದು ಪುಸ್ತಕದ ಕಪಾಟಿಗೆ ಹೋಗಬೇಕಾಗಿಲ್ಲ. ನಮ್ಮ ಹೋಟೆಲಿನೊಳಗೆ ಬಂದರೆ ಸಾಕು.

'ಟೇಬಲ್' ಎಂಬ ಶಬ್ದವನ್ನು ತೆಗೆದುಕೊಳ್ಳಿರಿ. ಊರಿನಿಂದ ನಿನ್ನೆ ಬಂದಿಳಿದ ಹುಡುಗನೂ ಇಂದು ಮಧ್ಯಾಹ್ನದೊಳಗೆ ಐದನೆಯ ಟೇಬಲ್ ಯಾವುದೆಂದು ಕಲಿಯುತ್ತಾನೆ. ಅವನ ತಮ್ಮ ಎರಡನೆಯ ತರಗತಿಯಲ್ಲಿ 'ಟೂ ಟೇಬಲ್' ಒಪ್ಪಿಸುತ್ತಾನೆ. ಅಲ್ಲಿ ಅದು ಮೇಜಲ್ಲ, ಮಗ್ಗಿ. ಆರನೆಯ ತರಗತಿಯ ಭೂಗೋಳದಲ್ಲಿ ಊರುಗಳ ಮಳೆಯ ಪ್ರಮಾಣವನ್ನು ತೋರಿಸುವ 'ಟೇಬಲ್' ಬಂದಾಗ ಅದು ಕೋಷ್ಟಕವಾಗುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಧಾತುಗಳೆಲ್ಲ ಒಂದು ದೊಡ್ಡ ಟೇಬಲಿನಲ್ಲಿ ಪಂಕ್ತಿಯಾಗಿ ಕುಳಿತುಕೊಳ್ಳುತ್ತವೆ. ಮುಂದೆ ವೃತ್ತಪತ್ರಿಕೆ ಓದುವ ವಯಸ್ಸಿಗೆ ಬಂದಾಗ, ಲೋಕಸಭೆಯಲ್ಲಿ ವರದಿಯನ್ನು 'ಟೇಬಲ್' ಮಾಡಿದರೆಂದು ಕಾಣುತ್ತದೆ. ಅಂದರೆ ಸಭೆಯ ಮುಂದೆ ಮಂಡಿಸಿದರು ಎಂದರ್ಥ. ಇದೇ ಮಾತಿಗೆ ಅಮೇರಿಕೆಯಲ್ಲಿ ಚರ್ಚೆಯನ್ನು ಮುಂದೂಡಿದರು ಎಂಬ ವಿರುದ್ಧಾರ್ಥವಿದೆಯಂತೆ ಎಂದರೆ ನಮ್ಮ ಸಪ್ಲಾಯರರು ನಕ್ಕಾರು. ಗಿರಾಕಿಯ ಟೇಬಲಿಗೆ ತಂದಿಡುವುದೂ ಟೇಬಲಿನಿಂದ ಎತ್ತಿಕೊಂಡು ಹೋಗುವುದೂ ಒಂದೇ ಶಬ್ದವಾದರೆ ಹೋಟೆಲು ನಡೆಯುವುದು ಹೇಗೆ!

'ಆರ್ಡರ್' ಕೂಡ ಹೀಗೆಯೇ. ನಮಗೆ ಅದು ಎರಡು ಇಡ್ಲಿ, ಒಂದು ಕಾಫಿ. ಮೂರನೆಯ ತರಗತಿಯ ಲೆಕ್ಕದಲ್ಲಿ ಅದು ಏರಿಕೆಯ ಕ್ರಮ ಅಥವಾ ಇಳಿಕೆಯ ಕ್ರಮ. ಪೌರನೀತಿಯ ಪುಸ್ತಕದಲ್ಲಿ ಸುವ್ಯವಸ್ಥೆ. ಜೀವಶಾಸ್ತ್ರದಲ್ಲಿ ಪ್ರಾಣಿಗಳ ಒಂದು ಗಣ. ಕಚೇರಿಯಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಿಗೆ ವರ್ಗಾವಣೆಯ ಕಾಗದ. 'ಇನ್ ಆರ್ಡರ್ ಟು' ಎಂದು ವಾಕ್ಯದ ಮಧ್ಯದಲ್ಲಿ ಕಂಡರೆ ಅಲ್ಲಿ ಆಜ್ಞೆಯೂ ಇಲ್ಲ, ಕ್ರಮವೂ ಇಲ್ಲ. 'ಸಲುವಾಗಿ' ಎಂಬಷ್ಟೇ ಅರ್ಥ. ಹೀಗೆ ಮಗುವು ಮೆಟ್ಟಿಲು ಹತ್ತಿದಂತೆ ಹೊಸ ಶಬ್ದಗಳು ಎದುರಾಗುವುದಕ್ಕಿಂತ ಹೆಚ್ಚಾಗಿ, ಪರಿಚಯದ ಹಳೆಯ ಶಬ್ದವೇ ಬೇರೆ ಅಂಗಿ ತೊಟ್ಟುಕೊಂಡು ಎದುರಿಗೆ ನಿಲ್ಲುತ್ತದೆ. ಹೊಸ ಶಬ್ದ ಕಂಡರೆ ಮಗು ಅರ್ಥ ಕೇಳುತ್ತದೆ. ಹಳೆಯ ಶಬ್ದವಾದರೆ ತಿಳಿಯಿತೆಂದು ಭಾವಿಸಿ ಮುಂದೆ ಹೋಗುತ್ತದೆ. ಎಡವುವುದು ಅಲ್ಲಿಯೇ.

ಇನ್ನು ತರಗತಿಗಳ ವಿಚಾರಕ್ಕೆ ಬರೋಣ. ಒಂದರಿಂದ ನಾಲ್ಕರವರೆಗಿನ ಮಕ್ಕಳಿಗೆ ತಂದೆತಾಯಿಗಳು ಕಲಿಸುವುದೆಲ್ಲ ನಾಮಪದಗಳೇ. ಆಪಲ್, ಬಾಲ್, ಕ್ಯಾಟ್ ಎಂದು ಬಣ್ಣದ ಚಿತ್ರಗಳನ್ನು ತೋರಿಸಿ ಹೇಳಿಸುತ್ತಾರೆ. ನೆಂಟರು ಬಂದಾಗ ಒಪ್ಪಿಸಿಯೂ ತೋರಿಸುತ್ತಾರೆ. ತಪ್ಪಲ್ಲ. ಆದರೆ ಅಮೇರಿಕೆಯ ಡಾಲ್ಚ್ ಎಂಬ ಅಧ್ಯಾಪಕರು 1936ರಲ್ಲಿ ಎಳೆಯ ಮಕ್ಕಳಿಗಾಗಿ ಆರಿಸಿದ 220 ಶಬ್ದಗಳಲ್ಲಿ ಒಂದಾದರೂ ನಾಮಪದವಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನಾಮಪದಗಳನ್ನು ಅವರು ಬೇರೆಯೇ ಯಾದಿಯಲ್ಲಿಟ್ಟರು. ಮೊದಲಿನ ಯಾದಿಯಲ್ಲಿರುವವು 'ಆಫ್', 'ಟು', 'ಫ್ರಮ್', 'ಹ್ವಿಚ್', 'ಡಸ್' ಮುಂತಾದ ಸಣ್ಣಪುಟ್ಟ ಶಬ್ದಗಳು. ಚಿತ್ರ ಬರೆದು ತೋರಿಸಲು ಬಾರದಂಥವು. ಇಟ್ಟಿಗೆಗಳ ನಡುವಣ ಗಾರೆಯಂತೆ ವಾಕ್ಯವನ್ನು ಹಿಡಿದು ನಿಲ್ಲಿಸುವಂಥವು.

ಕನ್ನಡದ ಮಗುವಿಗೆ ಈ ಗಾರೆಯೇ ಕಷ್ಟದ್ದು. ಕಾರಣವೇನು? ನಾವು 'ಮನೆಯಿಂದ' ಎನ್ನುತ್ತೇವೆ. 'ಇಂದ' ಎಂಬುದು ಮನೆಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿನಲ್ಲಿ ಅದು 'ಫ್ರಮ್' ಎಂಬ ಬೇರೆ ಶಬ್ದವಾಗಿ ಮನೆಯ ಮುಂದೆ ಬಂದು ನಿಲ್ಲಬೇಕು. ನಾವು 'ಮೇಜಿನ ಮೇಲೆ' ಎನ್ನುವಾಗ ಅವರು 'ಮೇಲೆ ಮೇಜು' ಎಂಬಂತೆ ಹೇಳುತ್ತಾರೆ. 'ದ' ಎಂಬ ಶಬ್ದಕ್ಕಂತೂ ಕನ್ನಡದಲ್ಲಿ ಸಮಾನವಾದದ್ದೇ ಇಲ್ಲ; ಆದರೆ ಇಂಗ್ಲಿಷಿನಲ್ಲಿ ಅತ್ಯಧಿಕವಾಗಿ ಬರುವ ಶಬ್ದ ಅದೇ. 'ಅವನೂ ಬಂದ' ಎಂಬಲ್ಲಿನ ದೀರ್ಘ 'ಊ'ಕಾರಕ್ಕೆ ಅವರು 'ಈವನ್' ಎಂದು ಒಂದು ಪೂರ್ಣ ಶಬ್ದವನ್ನೇ ಖರ್ಚು ಮಾಡುತ್ತಾರೆ, ಮತ್ತು ಅದೇ 'ಈವನ್' ಲೆಕ್ಕದ ಪುಸ್ತಕದಲ್ಲಿ ಸಮಸಂಖ್ಯೆಯಾಗುತ್ತದೆ! ಆದಕಾರಣ ಎರಡನೆಯ ತರಗತಿಯ ಮಗುವಿಗೆ ಹಣ್ಣುಗಳ ಹೆಸರುಗಳನ್ನು ಇಪ್ಪತ್ತಕ್ಕೆ ನಿಲ್ಲಿಸಿ, ಆ ಹಣ್ಣು ಬುಟ್ಟಿಯೊಳಗೆ, ಬುಟ್ಟಿಯ ಮೇಲೆ, ಬುಟ್ಟಿಯಿಂದ, ಬುಟ್ಟಿಯ ಹಿಂದೆ ಎಂದು ಹೇಳಿಸುವುದು ಹೆಚ್ಚು ಉಪಯುಕ್ತ. ಇದಕ್ಕೆ ತಂದೆಯು ಇಂಗ್ಲಿಷ್ ಪಂಡಿತನಾಗಬೇಕಾಗಿಲ್ಲ. ಒಂದು ಬುಟ್ಟಿ, ಒಂದು ಬಟಾಟೆ ಸಾಕು.

ಬಟಾಟೆ ಎಂದಾಗ ನೆನಪಾಯಿತು. "ಪರಭಾಷೆಯ ಶಬ್ದ ನಮ್ಮ ನಾಲಿಗೆಗೆ ಹೊರಳುವುದಿಲ್ಲ ಸ್ವಾಮೀ" ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಬಟಾಟೆ ಪೋರ್ತುಗೀಜರದು, ಪಾವ್ ಪೋರ್ತುಗೀಜರದು, ತಿಂಗಳ ಕೊನೆಗೆ ನಾವು ಎಣಿಸಿಕೊಳ್ಳುವ ಪಗಾರವೂ ಪೋರ್ತುಗೀಜರದೇ. ಪಗಾರ ಎಂಬುದು ಯಾರ ನಾಲಿಗೆಗೂ ಹೊರಳದೆ ಉಳಿದದ್ದನ್ನು ನಾನು ಕಂಡಿಲ್ಲ.

ಐದರಿಂದ ಏಳರವರೆಗಿನ ಮಜಲಿನಲ್ಲಿ ಲೆಕ್ಕ, ವಿಜ್ಞಾನಗಳ ಶಬ್ದಗಳು ಪ್ರವೇಶಿಸುತ್ತವೆ. ಇಲ್ಲಿಯೂ ತೊಂದರೆ ಕೊಡುವವು ಪರಿಚಿತರೇ. 'ಪ್ರಾಡಕ್ಟ್' ಎಂದರೆ ಅಂಗಡಿಯ ಮಾಲು, ಲೆಕ್ಕದಲ್ಲಿ ಗುಣಲಬ್ಧ. 'ಪವರ್' ಹೋಯಿತೆಂದರೆ ದೀಪ ಆರಿತು, ಲೆಕ್ಕದಲ್ಲಿ ಅದು ಘಾತ. 'ವಾಲ್ಯೂಮ್' ಕಡಿಮೆ ಮಾಡು ಎಂದರೆ ಟೀವಿಯ ಸದ್ದು, ವಿಜ್ಞಾನದಲ್ಲಿ ಪಾತ್ರೆಯ ಗಾತ್ರ, ಗ್ರಂಥಾಲಯದಲ್ಲಿ ಪುಸ್ತಕದ ಸಂಪುಟ. 'ಇಂಟರೆಸ್ಟ್' ಆಸಕ್ತಿಯೂ ಹೌದು, ಬ್ಯಾಂಕಿನ ಬಡ್ಡಿಯೂ ಹೌದು. ಆರನೆಯ ತರಗತಿಯ ಮಗುವಿನ ತಂದೆಗೆ ನಾನು ಹೇಳುವುದಿಷ್ಟೆ: ಗೋಡೆಗೆ ಅಂಟಿಸುವ ಯಾದಿಯಲ್ಲಿ ಒಂದು ಶಬ್ದದ ಮುಂದೆ ಒಂದೇ ಅರ್ಥ ಬರೆಯಬೇಡಿರಿ. ಎರಡು ಮೂರು ಮನೆಗಳನ್ನು ಬಿಡಿರಿ. ಮಗುವೇ ತುಂಬಿಕೊಳ್ಳಲಿ.

ಎಂಟರಿಂದ ಹತ್ತರವರೆಗೆ ಬೇರೆ ತೆರನಾದ ಶಬ್ದಗಳು ಬೇಕು. ಅವು ಪಾಠದಲ್ಲಿರುವುದಿಲ್ಲ, ಪ್ರಶ್ನೆಪತ್ರಿಕೆಯಲ್ಲಿರುತ್ತವೆ. 'ಡಿಫೈನ್' ಎಂದರೆ ಲಕ್ಷಣ ಹೇಳು, 'ಡಿಸ್ಟಿಂಗ್ವಿಷ್' ಎಂದರೆ ವ್ಯತ್ಯಾಸ ತೋರಿಸು, 'ಜಸ್ಟಿಫೈ' ಎಂದರೆ ಸಮರ್ಥಿಸು. 'ಸ್ಟೇಟ್' ಎಂದರೆ ಇಲ್ಲಿ ರಾಜ್ಯವಲ್ಲ, ನಿರೂಪಿಸು. 'ಅಕೌಂಟ್ ಫಾರ್' ಎಂದರೆ ಬ್ಯಾಂಕಿನ ಖಾತೆಯಲ್ಲ, ಕಾರಣ ಕೊಡು. ಉತ್ತರ ಬಲ್ಲ ಹುಡುಗನು ಪ್ರಶ್ನೆ ತಿಳಿಯದೆ ಅಂಕ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಇಂಥ ಶಬ್ದಗಳು ಒಟ್ಟು ಮೂವತ್ತು ನಲವತ್ತನ್ನು ಮೀರಲಾರವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ಪ್ರತಿ ಪ್ರಶ್ನೆಯ ಮೊದಲ ಶಬ್ದಕ್ಕೆ ಗೆರೆ ಎಳೆಯುತ್ತ ಹೋದರೆ ಒಂದು ಭಾನುವಾರದಲ್ಲಿ ಯಾದಿ ಸಿದ್ಧವಾಗುತ್ತದೆ.

ಇಂಗ್ಲಿಷನ್ನು ಯಾವ ತರಗತಿಯಿಂದ ಆರಂಭಿಸಬೇಕೆಂಬ ವಾದ ಈ ನಗರದಲ್ಲಿ ಹಳೆಯದು. 1948ರಲ್ಲಿ ಬಾಳಾಸಾಹೇಬ ಖೇರರ ಮುಂಬಯಿ ಸರಕಾರವು ಐದರಿಂದ ಏಳರವರೆಗಿನ ತರಗತಿಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯದರಿಂದ ಕಲಿಸುವ ವ್ಯವಸ್ಥೆ ಮಾಡಿತು. ಕಾಲಚಕ್ರ ಉರುಳಿ 2000ದಲ್ಲಿ ಮಹಾರಾಷ್ಟ್ರವು ಅದನ್ನು ಒಂದನೆಯ ತರಗತಿಗೇ ತಂದಿತು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯದರಲ್ಲಿ ಆರಂಭವಾಯಿತು. ನಾನು ಓದುವಾಗ ಐದನೆಯದರಲ್ಲಿ ಮೊದಲ ಅಕ್ಷರ. ಯಾವುದು ಸರಿ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಮೊದಲು ಆರಂಭಿಸಿದ ಮಾತ್ರಕ್ಕೆ ಮುಂದೆ ತಲಪುವರೆಂಬ ಭರವಸೆ ನನಗಿಲ್ಲವೆಂದಷ್ಟೇ ಹೇಳುತ್ತೇನೆ.

ನಿಜವಾದ ಪರೀಕ್ಷೆ ಬರುವುದು ಹತ್ತನೆಯ ತರಗತಿ ದಾಟಿದ ಮೇಲೆ. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳ ಶಾಲೆಗಳನ್ನು ನಡೆಸುತ್ತಿದೆ, ಅವುಗಳಲ್ಲಿ ಕನ್ನಡವೂ ಒಂದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳಲ್ಲಿಯೂ ಕನ್ನಡ ಶಾಲೆಗಳಿವೆ. ಅಲ್ಲಿ ಓದಿದ ಮಗು ಜೂನಿಯರ್ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಕಾಲಿಟ್ಟ ಮೊದಲ ದಿನವೇ ಎಲ್ಲವೂ ಇಂಗ್ಲಿಷ್. ಹೋದ ವರ್ಷ ಮಳೆಗಾಲದ ಒಂದು ಭಾನುವಾರ, ಈಗ ನನ್ನ ತಮ್ಮನು ನಡೆಸುತ್ತಿರುವ ಹೋಟೆಲಿನ ಗಲ್ಲಾದಲ್ಲಿ ಹಳೆಯ ಅಭ್ಯಾಸದಂತೆ ಕುಳಿತಿದ್ದೆ. ನಮ್ಮ ಅಡಿಗೆ ಭಟ್ಟರ ಮಗ ಬಂದು ನಿಂತ. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿ ಹನ್ನೊಂದನೆಯ ವಿಜ್ಞಾನಕ್ಕೆ ಸೇರಿ ಎರಡು ತಿಂಗಳಾಗಿತ್ತು.

"ಅಣ್ಣಾ, ನನಗೆ ಇಲ್ಲಿಯೇ ಏನಾದರೂ ಕೆಲಸ ಕೊಡಿ" ಎಂದ.

"ಯಾಕೆ ಮಾರಾಯಾ, ಕಾಲೇಜು?"

"ಹೋಗ್ತಾ ಇಲ್ಲ. ಅಪ್ಪಯ್ಯನಿಗೆ ಹೇಳಬೇಡಿ."

ಅವನ ಚೀಲದಲ್ಲಿದ್ದ ವಹಿಯನ್ನು ತೆಗೆಸಿ ನೋಡಿದೆ. ಮೊದಲ ಇಪ್ಪತ್ತು ಪುಟಗಳಲ್ಲಿ ಅಧ್ಯಾಪಕರು ಹೇಳಿದ ಇಂಗ್ಲಿಷ್ ಶಬ್ದಗಳನ್ನು ಕಿವಿಗೆ ಬಿದ್ದಂತೆ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದ. ಆಮೇಲೆ ಅರ್ಧ ವಾಕ್ಯಗಳು. ಆಮೇಲೆ ಬಿಳಿಯ ಹಾಳೆಗಳು. 'ಆಕ್ಸಿಲರೇಶನ್' ಎಂದು ಮೂರು ಕಡೆ ಮೂರು ವಿಧವಾಗಿ ಬರೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದ. "ವೇಗೋತ್ಕರ್ಷ ಎಂದರೇನು?" ಎಂದು ಕೇಳಿದೆ. ತಡವರಿಸದೆ, ವೇಗ ಬದಲಾಗುವ ದರವೆಂದು ಹೇಳಿದ. ಸೂತ್ರವನ್ನೂ ಬಾಯಿಯಲ್ಲೇ ಒಪ್ಪಿಸಿದ. ವಿದ್ಯೆ ಅವನಲ್ಲಿ ಇದ್ದೇ ಇತ್ತು, ಅದಕ್ಕೆ ಆ ಊರಿನಲ್ಲಿ ಇಟ್ಟ ಹೆಸರು ಮಾತ್ರ ಗೊತ್ತಿರಲಿಲ್ಲ.

ಇಂಥ ಮಕ್ಕಳಿಗಾಗಿಯೇ ಹಿಂದೆ ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಾದ ಸಂಸ್ಥೆಗಳು ಈ ನಗರದಲ್ಲಿ ರಾತ್ರಿಶಾಲೆಗಳನ್ನು ನಡೆಸಿದ್ದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ವಕೀಲರಾದವರು, ಅಧಿಕಾರಿಗಳಾದವರು ನಮ್ಮ ನಡುವೆ ಇದ್ದಾರೆ. ಕನ್ನಡ ರಾತ್ರಿಶಾಲೆಗಳಲ್ಲಿ ಅನೇಕವು ಈಗ ಮುಚ್ಚಿಹೋಗಿವೆ. ಆದುದರಿಂದ ಇದ್ದುದರಲ್ಲಿಯೇ ದಾರಿ ಹುಡುಕಬೇಕಾಯಿತು.

ದಾರಿ ಸಿಕ್ಕಿದ್ದು ಪಠ್ಯಪುಸ್ತಕದಲ್ಲಿಯೇ. ಪುಣೆಯ ಬಾಲಭಾರತಿ ಸಂಸ್ಥೆಯು 1967ರಲ್ಲಿ ಸ್ಥಾಪಿತವಾಗಿ, ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಹೊರತರುತ್ತಿದೆ. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ಕನ್ನಡದಲ್ಲಿಯೂ ಉಂಟು, ಇಂಗ್ಲಿಷಿನಲ್ಲಿಯೂ ಉಂಟು. ಪಾಠದ ಕ್ರಮ ಒಂದೇ, ಚಿತ್ರಗಳು ಒಂದೇ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಲೂ ಬರುತ್ತದೆ. ಅವನು ಕಲಿತ ಕನ್ನಡ ಪುಸ್ತಕವನ್ನು ಎಡಕ್ಕೂ ಇಂಗ್ಲಿಷ್ ಪುಸ್ತಕವನ್ನು ಬಲಕ್ಕೂ ಇಟ್ಟು, ಸಂಜೆ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ದಿನಕ್ಕೆ ಎರಡು ಪುಟದಂತೆ ಓದಲು ಹೇಳಿದೆ. ಕರ್ನಾಟಕದ ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೂ ಎರಡೂ ಮಾಧ್ಯಮಗಳ ಪುಸ್ತಕಗಳು ಸಿಗುತ್ತವೆ. ಯಾವ ಶಬ್ದಕೋಶವೂ ಈ ಜೋಡಿ ಪುಸ್ತಕಗಳಷ್ಟು ಸಹಾಯ ಮಾಡಲಾರದು. ಕಿಟ್ಟೆಲರ 1894ರ ಮಹಾಕೋಶವು ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ವಿದ್ವತ್ತಿನ ಭಂಡಾರವೇ ಹೌದು. ಆದರೆ ಹದಿನಾರರ ಹುಡುಗ ಅದರ ಅರ್ಥಕ್ಕೆ ಇನ್ನೊಂದು ಅರ್ಥ ಹುಡುಕಬೇಕಾಗುತ್ತದೆ.

ಕೆಲವು ದಿನಗಳಲ್ಲಿ ಹುಡುಗನೇ ಒಂದು ಸಂಗತಿಯನ್ನು ಕಂಡುಹಿಡಿದ. 'ತ್ರಿಕೋನಮಿತಿ' ಮತ್ತು 'ಟ್ರಿಗೊನಾಮೆಟ್ರಿ' ಎಂಬವನ್ನು ಒಂದರ ಕೆಳಗೊಂದು ಬರೆದು ತಂದು, "ಅಣ್ಣಾ, ಇವೆರಡೂ ಒಂದೇ ಶಬ್ದ!" ಎಂದು ಕೂಗಿದ. ವಿಚಾರಿಸಿ ನೋಡಿದರೆ ನಿಜವೇ. ಗ್ರೀಕರ 'ಟ್ರಿ' ನಮ್ಮ ತ್ರಿ, ಅವರ 'ಗೋನಿಯ' ಎಂದರೆ ಕೋನ, ಅವರ 'ಮೆಟ್ರಾನ್' ಎಂದರೆ ಅಳತೆ. 'ಫೋಟೋಸಿಂಥೆಸಿಸ್' ಎಂಬಲ್ಲಿ 'ಫೋಟೋ' ಬೆಳಕು, ನಮ್ಮ ದ್ಯುತಿ. 'ಸಿಂಥೆಸಿಸ್' ಕೂಡಿಸುವಿಕೆ, ನಮ್ಮ ಸಂಶ್ಲೇಷಣೆ. ಮೈಕ್ರೋಸ್ಕೋಪು ಸೂಕ್ಷ್ಮದರ್ಶಕ, ಟೆಲಿಸ್ಕೋಪು ದೂರದರ್ಶಕ, ಥರ್ಮಾಮೀಟರು ಉಷ್ಣಮಾಪಕ. ನಮ್ಮ ಹಿರಿಯ ವಿದ್ವಾಂಸರು ಪಾರಿಭಾಷಿಕ ಶಬ್ದಗಳನ್ನು ರಚಿಸುವಾಗ ಇಂಗ್ಲಿಷ್ ಶಬ್ದವನ್ನು ಬಿಚ್ಚಿ, ಒಂದೊಂದು ತುಂಡಿಗೂ ಸಮನಾದ ತುಂಡನ್ನು ಜೋಡಿಸಿದ್ದಾರೆ. ಈ ಕನ್ನಡ ಶಬ್ದಗಳು ಕಠಿಣವೆಂದು ಹಾಸ್ಯ ಮಾಡುವವರು ಬಹಳ. ನಾನೂ ಮಾಡಿದ್ದೇನೆ. ಆದರೆ ಕನ್ನಡದಲ್ಲಿ ಅರ್ಥಮಾಡಿಕೊಂಡು ಕಲಿತವನ ಕೈಯಲ್ಲಿ ಇಂಗ್ಲಿಷ್ ಶಬ್ದದ ಬೀಗದ ಕೈಯೇ ಇದೆಯೆಂಬುದು ಆ ಹುಡುಗನಿಂದ ನನಗೆ ತಿಳಿಯಿತು. ಬಾಯಿಪಾಠ ಮಾಡಿದವನಿಗೆ ಮಾತ್ರ ಎರಡೂ ಕಬ್ಬಿಣದ ಕಡಲೆ.

ಅವನಿಗೆ ಹೆಚ್ಚು ಕಷ್ಟ ಕೊಟ್ಟದ್ದು ಈ ದೊಡ್ಡ ಶಬ್ದಗಳಲ್ಲ. 'ಅಸ್ಯೂಮ್', 'ಕನ್ಸಿಸ್ಟ್', 'ಡಿರೈವ್', 'ಸಿಗ್ನಿಫಿಕೆಂಟ್' ಮುಂತಾದ ನಡುವಣ ವರ್ಗದ ಶಬ್ದಗಳು. ಇವು ಅಡಿಗೆಮನೆಯಲ್ಲಿಯೂ ಕೇಳಿಬರುವುದಿಲ್ಲ, ಅಧ್ಯಾಪಕರೂ ಇವುಗಳ ಅರ್ಥ ಹೇಳುವುದಿಲ್ಲ. ನ್ಯೂಜಿಲೆಂಡಿನ ಕಾಕ್ಸ್‌ಹೆಡ್ ಎಂಬ ವಿದುಷಿಯು ಕಾಲೇಜು ಮಟ್ಟದ ಬರಹಗಳಲ್ಲಿ ಸುಮಾರು 35 ಲಕ್ಷ ಶಬ್ದಗಳನ್ನು ಪರಿಶೀಲಿಸಿ, ಎಲ್ಲ ಶಾಸ್ತ್ರಗಳಲ್ಲಿಯೂ ಸಮಾನವಾಗಿ ಬರುವ ಇಂಥ 570 ಶಬ್ದಕುಟುಂಬಗಳನ್ನು 2000ದಲ್ಲಿ ಆರಿಸಿಕೊಟ್ಟರು. ವೆಸ್ಟ್‌ರ ಎರಡು ಸಾವಿರ ಶಬ್ದಗಳು ಆ ಬರಹಗಳ ನೂರಕ್ಕೆ 76 ಪಾಲನ್ನು ವ್ಯಾಪಿಸಿದರೆ, ಈ 570 ಕುಟುಂಬಗಳು ಇನ್ನು ಹತ್ತು ಪಾಲನ್ನು ವ್ಯಾಪಿಸುತ್ತವೆ ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. ಹತ್ತನೆಯದು ಮುಗಿದು ಕಾಲೇಜು ಆರಂಭವಾಗುವ ನಡುವಣ ರಜೆಯಲ್ಲಿ ದಿನಕ್ಕೆ ಹತ್ತು ಕುಟುಂಬಗಳನ್ನು ಪರಿಚಯ ಮಾಡಿಕೊಂಡರೆ ಎರಡು ತಿಂಗಳೊಳಗೆ ಮುಗಿಯುತ್ತದೆ. ಒಂದು ವೇಳೆ ನಾನು ಯಾದಿಯನ್ನು ಅಚ್ಚು ಹಾಕುವುದಾದರೆ ಇದನ್ನೇ ಹಾಕುವೆನು.

ಆ ಯಾದಿಯ ಕೊನೆಯ ಭಾಗದಲ್ಲಿ 'ನಾಟ್‌ವಿತ್‌ಸ್ಟಾಂಡಿಂಗ್', 'ಹ್ವೇರ್‌ಬೈ', 'ಲೆವಿ' ಎಂಬ ಶಬ್ದಗಳಿವೆ. ಕರಾರುಪತ್ರಗಳಲ್ಲಿ ಬರುವಂಥವು. ಅವನ್ನು ನೋಡಿದಾಗ ನನ್ನ ಹಳೆಯ ಗಾಯ ನೆನಪಾಗುತ್ತದೆ. 2011ರಲ್ಲಿ ಇನ್ನೊಂದು ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಹಿಡಿಯಲು ನಾನು ಮುಂದಾದೆ. ಡಿಪಾಸಿಟ್ಟಿನ ಒಂದಂಶವನ್ನು ಕೊಟ್ಟು, ಮಿಕ್ಕದ್ದನ್ನು ಗೊತ್ತಾದ ತಾರೀಖಿನೊಳಗೆ ಕೊಡುವುದಾಗಿ ಇಂಗ್ಲಿಷ್ ಕರಾರಿಗೆ ಸಹಿ ಹಾಕಿದೆ. ಸಹಿ ಹಾಕುವ ಮೊದಲು ಓದಿದ್ದೆ. ಅದರಲ್ಲಿ 'ಟೈಮ್ ಈಸ್ ದ ಎಸೆನ್ಸ್ ಆಫ್ ದ ಕಾಂಟ್ರಾಕ್ಟ್' ಎಂಬ ವಾಕ್ಯವಿತ್ತು. ಟೈಮ್ ಗೊತ್ತು. ಕಾಂಟ್ರಾಕ್ಟ್ ಗೊತ್ತು. ಎಸೆನ್ಸ್ ಅಂತೂ ನಮ್ಮ ಅಡಿಗೆಮನೆಯ ಅಟ್ಟದ ಮೇಲೆ ಬಾಟಲಿಯಲ್ಲೇ ಇತ್ತು, ಐಸ್‌ಕ್ರೀಮಿಗೆ ನಾಲ್ಕು ತೊಟ್ಟು ಹಾಕುವ ವೆನಿಲಾ. ಏನೋ ಅಲಂಕಾರದ ಮಾತೆಂದು ತಿಳಿದು ಮುಂದೆ ಓದಿದೆ. ಬ್ಯಾಂಕಿನಿಂದ ಸಾಲದ ಹಣ ಬರುವುದು ತಡವಾಗಿ ಹನ್ನೊಂದು ದಿನ ಮೀರಿತು. ಹಣ ತೆಗೆದುಕೊಂಡು ಹೋದಾಗ ಎದುರು ಪಕ್ಷದವರು ಕಾಗದವನ್ನು ಮುಂದಿಟ್ಟು, ಗಡುವು ಮೀರಿದ್ದರಿಂದ ಕರಾರು ರದ್ದು, ಕೊಟ್ಟ ಹಣ 'ಫೋರ್‌ಫೀಟ್' ಎಂದರು. ಆ ಶಬ್ದವೂ ಕರಾರಿನಲ್ಲಿತ್ತು. ಅದನ್ನು 'ಫಾರ್ ಫೀಟ್' ಎಂದು ಓದಿ ಜಾಗದ ಅಳತೆಯ ವಿಷಯವಿರಬೇಕೆಂದು ತಿಳಿದಿದ್ದೆ!

ವಕೀಲರ ಬಳಿ ಹೋದೆ. ಅವರು 1872ರ ಕರಾರು ಕಾಯಿದೆಯ 55ನೆಯ ಕಲಮನ್ನು ತೆಗೆದು ಓದಿದರು. ಸಮಯವೇ ಕರಾರಿನ ಸಾರವೆಂದು ಇಬ್ಬರೂ ಒಪ್ಪಿದ್ದರೆ, ಗಡುವು ಮೀರಿದಾಗ ಎದುರು ಪಕ್ಷದವರು ಕರಾರನ್ನು ರದ್ದುಗೊಳಿಸಬಹುದು. "ಎಲ್ಲಾ ಸ್ಪಷ್ಟವಾಗಿ ಬರೆದಿದೆಯಲ್ಲ, ನೀವು ಓದಲಿಲ್ಲವೇ?" ಎಂದು ಕೇಳಿದರು. ಓದಿದ್ದೆ ಎಂದು ಹೇಳಲು ನಾಚಿಕೆಯಾಗಿ, ಓದಲಿಲ್ಲವೆಂದು ಸುಳ್ಳು ಹೇಳಿ ಬಂದೆ. ಹಣ ಹೋದದ್ದಕ್ಕಿಂತ ಆ ಸುಳ್ಳು ನನ್ನನ್ನು ಹೆಚ್ಚು ದಿನ ಕಾಡಿತು. ಆಮೇಲೆ ಯಾವ ಕಾಗದಕ್ಕೂ, ತಿಳಿದವರೊಬ್ಬರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳದೆ ನಾನು ಸಹಿ ಹಾಕಿದ್ದಿಲ್ಲ.

ಪತ್ರ ಬರೆದ ಮಿತ್ರರು ಮಕ್ಕಳ ಮುಂದೆ ಸುಮ್ಮನಿರಬೇಕಾಗುತ್ತದೆಂದು ನೊಂದುಕೊಂಡಿದ್ದಾರಷ್ಟೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. "ನನಗೂ ತಿಳಿಯದು, ಯಾವ ಪಾಠದಲ್ಲಿ ಬಂತು, ಆ ವಾಕ್ಯವನ್ನು ಪೂರ್ತಿ ಓದು" ಎಂದು ಹೇಳಿರಿ. ಶಬ್ದವೊಂದನ್ನೇ ಕಿತ್ತು ತಂದು ಅರ್ಥ ಕೇಳುವ ಅಭ್ಯಾಸವನ್ನು ಬಿಡಿಸಿರಿ. ವಾಕ್ಯ ಪೂರ್ತಿ ಓದಿದಾಗ ಅರ್ಧದಷ್ಟು ಶಬ್ದಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಉಳಿದವನ್ನು ವಾರಕ್ಕೊಮ್ಮೆ ಕೂಡಿಸಿ ನಮ್ಮ ಕಾರ್ಯಾಲಯಕ್ಕೆ ಕಳುಹಿಸಿದರೆ, ತಿಳಿದ ಅಧ್ಯಾಪಕರನ್ನು ಕೇಳಿ ಈ ಪುಟದಲ್ಲಿಯೇ ಉತ್ತರ ಕೊಡುವ ಏರ್ಪಾಡು ಮಾಡುವೆವು. ತರಗತಿಯನ್ನೂ ಪಾಠದ ಹೆಸರನ್ನೂ ತಪ್ಪದೆ ಬರೆಯಿರಿ.

ಭಟ್ಟರ ಮಗ ಈಗ ಹನ್ನೆರಡನೆಯದರಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಇಂದಿಗೂ ಎಡವುತ್ತಾನೆ, ಆದರೆ ಕಾಲೇಜು ತಪ್ಪಿಸುವುದಿಲ್ಲ. ಹೋದ ವರ್ಷ ಅವನು ಓದುತ್ತಿದ್ದಾಗಿನ ಒಂದು ಸಂಜೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಅಂದು 'ವರ್ಕ್' ಎಂಬ ಪಾಠ. ನಮಗೆಲ್ಲ ಗೊತ್ತಿರುವ ಶಬ್ದ, ಊರಿನಿಂದ ಬಂದ ಮೊದಲ ದಿನವೇ ಕಲಿತದ್ದು. ಆದರೆ ಭೌತಶಾಸ್ತ್ರದಲ್ಲಿ ಅದಕ್ಕೆ ಬೇರೆ ಅರ್ಥ: ಬಲ ಪ್ರಯೋಗಿಸಿದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ವರ್ಕ್. ಹೊರೆಯನ್ನು ಒಂದೇ ಎತ್ತರದಲ್ಲಿ ಹಿಡಿದು ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಲ್ಲಿ ನಡೆದರೆ, ಎತ್ತಿ ಹಿಡಿದ ಬಲವು ಮಾಡಿದ ವರ್ಕ್ ಸೊನ್ನೆ. ಹುಡುಗ ಇದನ್ನು ಓದಿ, ತಲೆಯೆತ್ತಿ, ಬೆಳಗಿನಿಂದ ತಟ್ಟೆ ಹೊತ್ತು ಓಡಾಡುತ್ತಿದ್ದ ನಮ್ಮ ಹಿರಿಯ ಸಪ್ಲಾಯರರನ್ನು ನೋಡಿದ.

"ಮಾವಾ, ಈ ಪುಸ್ತಕದ ಪ್ರಕಾರ ನೀವು ಇವತ್ತು ಏನೂ ಕೆಲಸ ಮಾಡಲಿಲ್ಲ."

ಅವರು ತಟ್ಟೆಯನ್ನು ಭುಜದಿಂದ ಇಳಿಸದೆಯೇ ನನ್ನ ಕಡೆ ತಿರುಗಿ, "ಆ ಪುಸ್ತಕ ಧಣಿಗಳ ಕೈಗೆ ಕೊಡಬೇಡ ಮಾರಾಯಾ, ತಾರೀಖು ಇಪ್ಪತ್ತೊಂಬತ್ತು" ಎಂದರು.